ಹಡಗಿಗೆ ಬಂದ ಗಟ್ಟಿ ರೆಕ್ಕೆ



ಈ ಸಲ ಹೊಲಕ್ಕೆ ಪೊಟ್ಯಾಷ್ ಗೊಬ್ಬರ ಹಾಕುವಾಗ ಆ ಚೀಲವನ್ನು ಒಂದು ಗಳಿಗೆ ನಿಂತು ನೋಡಿ. ಅದು ನಿಮ್ಮ ಮನೆಗೆ ಬಂದದ್ದು ಸೊಸೈಟಿಯ ಗೋದಾಮಿನಿಂದ. ಗೋದಾಮಿಗೆ ಬಂದದ್ದು ಲಾರಿಯಲ್ಲಿ ಅಥವಾ ರೈಲಿನಲ್ಲಿ. ಅದಕ್ಕೂ ಹಿಂದೆ? ಹಡಗಿನಲ್ಲಿ. ನಮ್ಮ ದೇಶದ ಬೇಸಾಯಕ್ಕೆ ಬೇಕಾದ ಪೊಟ್ಯಾಷ್ ಬಹುಮಟ್ಟಿಗೆ ಎಲ್ಲವೂ ಹೊರದೇಶದ ಗಣಿಗಳಿಂದ ಕಡಲು ದಾಟಿ ಬರಬೇಕು. ಅಡುಗೆಮನೆಯ ತಾಳೆ ಎಣ್ಣೆಯೂ ಇಂಡೋನೇಷ್ಯಾ ಮತ್ತು ಮಲೇಷ್ಯಾ ದೇಶಗಳಿಂದ ಹಾಗೆಯೇ ಬರುತ್ತದೆ. ಜಗತ್ತಿನ ದೇಶದೇಶಗಳ ನಡುವೆ ಸಾಗುವ ಸರಕನ್ನು ತೂಗಿ ನೋಡಿದರೆ, ನೂರರಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚು ಹಡಗಿನಲ್ಲೇ ಸಾಗುತ್ತದೆ.

ಆದುದರಿಂದ ಹಡಗು ಎಂಬುದು ಕರಾವಳಿಯವರ ವಿಷಯ ಮಾತ್ರ, ಬಯಲುಸೀಮೆಯ ನಮಗೇನು ಎಂದು ಹೇಳುವಂತಿಲ್ಲ. ಹಡಗು ಸುಡುವ ಎಣ್ಣೆಯ ಬೆಲೆ ಏರಿದರೆ ಅದರ ಬಿಸಿ ಸುತ್ತಿ ಬಳಸಿ ನಮ್ಮ ಕಣಕ್ಕೂ ತಟ್ಟುತ್ತದೆ. ಆ ಎಣ್ಣೆಯನ್ನು ಉಳಿಸಲು ಜಗತ್ತಿನ ಹಡಗು ಕಟ್ಟುವವರು ಈಗ ಒಂದು ಹಳೆಯ ಉಪಾಯವನ್ನು ಹೊಸ ರೂಪದಲ್ಲಿ ತಂದಿದ್ದಾರೆ. ಅದೇ ಗಟ್ಟಿ ರೆಕ್ಕೆಯ ಹಾಯಿ. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಅದರಿಂದ ನಿಜವಾಗಿ ಎಷ್ಟು ಲಾಭ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಹಳೆಯ ಹಾಯಿ ಏಕೆ ಮರೆಯಾಯಿತು?

ನಮ್ಮ ಕರಾವಳಿಗೆ ಹಾಯಿ ಹೊಸದಲ್ಲ. ಹೊನ್ನಾವರ, ಭಟ್ಕಳ, ಮಂಗಳೂರುಗಳಿಗೆ ಅರಬ್ಬಿ ದೇಶದ ಹಡಗುಗಳು ಮಾರುತಗಳನ್ನು ನಂಬಿ ಬರುತ್ತಿದ್ದವು. ವರ್ಷದಲ್ಲಿ ಕೆಲವು ತಿಂಗಳು ಗಾಳಿ ನೈಋತ್ಯದಿಂದ, ಕೆಲವು ತಿಂಗಳು ಈಶಾನ್ಯದಿಂದ ಬೀಸುವುದನ್ನು ಅರಿತು, ಒಂದು ಗಾಳಿಯಲ್ಲಿ ಬಂದು ಇನ್ನೊಂದು ಗಾಳಿಯಲ್ಲಿ ಹಿಂದಿರುಗುತ್ತಿದ್ದರು. ಮಂಗಳೂರಿನ ಹೆಂಚು ಕೂಡ ಎಷ್ಟೋ ಕಾಲ ಹಾಯಿ ಕಟ್ಟಿದ ಮಂಜಿಗಳಲ್ಲಿ ಸಾಗಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿ ಹಡಗು ಬಂದಿತು. ಅದರ ಹಿಂದೆ ಡೀಸೆಲ್ ಇಂಜಿನು ಬಂದಿತು. ಇಂಜಿನಿಗೆ ಗಾಳಿಯ ಹಂಗಿಲ್ಲ. ಇಂಥ ದಿನ ಹೊರಟು ಇಂಥ ದಿನ ತಲುಪುತ್ತೇನೆ ಎಂದು ಅದು ಮಾತು ಕೊಡಬಲ್ಲುದು. ಹಾಯಿಯೋ, ಗಾಳಿ ನಿಂತರೆ ತಾನೂ ನಿಲ್ಲುವುದು. ಹಾಯಿ ಏರಿಸಲು, ಇಳಿಸಲು, ಹಗ್ಗ ಎಳೆಯಲು ಹತ್ತಾರು ಆಳು ಬೇಕು. ಬಿರುಗಾಳಿಯಲ್ಲಿ ಕಂಬ ಹತ್ತಿದವನ ಪ್ರಾಣಕ್ಕೆ ಭರವಸೆ ಇಲ್ಲ. ಹೀಗಾಗಿ ಹಾಯಿ ಹಿಂದೆ ಸರಿದು, ಕೊನೆಗೆ ಸಣ್ಣ ದೋಣಿಗಳಿಗೂ ಸಿರಿವಂತರ ವಿಹಾರ ನೌಕೆಗಳಿಗೂ ಮಾತ್ರ ಉಳಿಯಿತು.

ಆದರೆ ಇಂಜಿನಿಗೆ ಹೊಟ್ಟೆ ದೊಡ್ಡದು. ಸಾಗರ ದಾಟುವ ಒಂದು ಸರಕು ಹಡಗು ದಿನವೊಂದಕ್ಕೆ ಹತ್ತಾರು ಟನ್ ಎಣ್ಣೆ ಸುಡುತ್ತದೆ. ಹೀಗೆ ಸುಟ್ಟ ಎಣ್ಣೆ ಒಂದು ಟನ್ನಿಗೆ ಮೂರು ಟನ್ನಿಗಿಂತ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಆಗಿ ಆಕಾಶ ಸೇರುತ್ತದೆ. ಎಣ್ಣೆ ಒಂದೇ ಟನ್ ಇದ್ದಾಗ ಹೊಗೆ ಮೂರು ಟನ್ ಹೇಗಾದೀತು ಎಂದು ನೀವು ಕೇಳಬಹುದು. ಎಣ್ಣೆಯಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯಿಂದ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ತೂಕ ಹೆಚ್ಚುವುದು ಅದರಿಂದ.

ಗಾಳಿ ತಳ್ಳುವುದು, ಗಾಳಿ ಎಳೆಯುವುದು

ರಾಶಿ ತೂರುವ ರೈತನಿಗೆ ಗಾಳಿಯ ಬಲವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿ ಹೊಟ್ಟನ್ನು ತಳ್ಳಿಕೊಂಡು ಹೋಗುತ್ತದೆ. ಕಾಳು ನೇರ ಕೆಳಗೆ ಬೀಳುತ್ತದೆ. ಹಾಯಿಯೂ ಹೀಗೆಯೇ ಹಿಂದಿನ ಗಾಳಿಯಿಂದ ತಳ್ಳಿಸಿಕೊಂಡು ಹೋಗುತ್ತದೆ ಎಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ಬರೇ ತಳ್ಳುವುದರಿಂದ ಹೋಗುವ ಹಡಗು ಗಾಳಿಗಿಂತ ವೇಗವಾಗಿ ಹೋಗಲಾರದು. ಗಾಳಿ ಪಕ್ಕದಿಂದ ಬಂದಾಗ ಇನ್ನೊಂದು ಬಗೆಯ ಬಲ ಹುಟ್ಟುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ಅದೇ ಬಲ.

ಇದನ್ನು ನಿಮ್ಮ ಮನೆಯಲ್ಲೇ ನೋಡಬಹುದು. ನಲ್ಲಿಯಿಂದ ನೀರು ಸಣ್ಣ ಧಾರೆಯಾಗಿ ಬೀಳುತ್ತಿರಲಿ. ಒಂದು ಚಮಚದ ಹಿಡಿಯ ತುದಿಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ತೂಗಾಡಬಿಡಿ. ಚಮಚದ ಉಬ್ಬಿದ ಬೆನ್ನನ್ನು ಮೆಲ್ಲಗೆ ಧಾರೆಗೆ ತಾಗಿಸಿ. ನೀರು ಚಮಚವನ್ನು ದೂರ ತಳ್ಳುವುದೆಂದು ನೀವು ಎಣಿಸಿರುತ್ತೀರಿ. ಆಗುವುದು ಅದಕ್ಕೆ ವಿರುದ್ಧ. ಚಮಚ ಧಾರೆಯ ಕಡೆಗೇ ಎಳೆಯಲ್ಪಡುತ್ತದೆ! ಏಕೆಂದರೆ ನೀರು ಚಮಚದ ಉಬ್ಬನ್ನು ಅಪ್ಪಿಕೊಂಡು ಹರಿದು ಒಂದು ಪಕ್ಕಕ್ಕೆ ತಿರುಗುತ್ತದೆ. ನೀರನ್ನು ಒಂದು ಕಡೆ ತಿರುಗಿಸಿದ ಚಮಚಕ್ಕೆ ಅದರ ಎದುರು ಕಡೆಗೆ ಬಲ ಬೀಳುತ್ತದೆ. ಗಾಳಿಯೂ ನೀರಿನಂತೆ ಹರಿಯುವ ವಸ್ತು. ರೆಕ್ಕೆಯ ಉಬ್ಬನ್ನು ಅಪ್ಪಿ ಹರಿದ ಗಾಳಿ ಹಾಗೆಯೇ ತಿರುಗುತ್ತದೆ. ರೆಕ್ಕೆ ಉಬ್ಬಿನ ಕಡೆಗೆ ಎಳೆಯಲ್ಪಡುತ್ತದೆ.

ಗಾಳಿ ಪಕ್ಕದಿಂದ ಬಂದರೆ ಹಡಗು ಪಕ್ಕಕ್ಕಲ್ಲವೇ ಹೋಗಬೇಕು, ಮುಂದೆ ಹೇಗೆ ಹೋದೀತು ಎಂಬುದು ಮುಂದಿನ ಪ್ರಶ್ನೆ. ಒದ್ದೆಯಾದ ಹುಣಸೆ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿದರೆ ಅದು ಛಂಗನೆ ಮುಂದಕ್ಕೆ ಜಾರುತ್ತದೆ. ನೀವು ಒತ್ತಿದ್ದು ಪಕ್ಕಗಳಿಂದ; ಅದು ಹಾರಿದ್ದು ಮುಂದಕ್ಕೆ. ಹಡಗಿಗೆ ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು. ಹಡಗಿನ ಉದ್ದವಾದ ಒಡಲು ನೀರಿನಲ್ಲಿ ಅಡ್ಡಕ್ಕೆ ಸರಿಯಲು ಬಿಡುವುದಿಲ್ಲ, ಮುಂದಕ್ಕೆ ಸುಲಭವಾಗಿ ಬಿಡುತ್ತದೆ. ರೆಕ್ಕೆಯನ್ನು ತಕ್ಕ ಕೋನದಲ್ಲಿ ನಿಲ್ಲಿಸಿದರೆ ಗಾಳಿಯ ಬಲದ ಒಂದು ಪಾಲು ಹಡಗನ್ನು ಮುಂದಕ್ಕೆ ಒಯ್ಯುತ್ತದೆ.

ಬಟ್ಟೆಗೂ ರೆಕ್ಕೆಗೂ ಭೇದವೇನು?

ಬಟ್ಟೆಯ ಹಾಯಿಯೂ ಗಾಳಿ ತುಂಬಿದಾಗ ಬಾಗಿ ರೆಕ್ಕೆಯಂತೆಯೇ ಆಗುತ್ತದೆ. ಆದರೆ ಅದಕ್ಕೆ ತನ್ನದೆಂಬ ಆಕಾರವಿಲ್ಲ. ಗಾಳಿ ಹೆಚ್ಚಾದರೆ ಒಂದು ರೂಪ, ಕಡಿಮೆಯಾದರೆ ಇನ್ನೊಂದು. ಹಡಗಿನ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತ ಹೋದರೆ ಹಾಯಿ ಬಾವುಟದಂತೆ ಪಟಪಟನೆ ಹೊಡೆದುಕೊಂಡು ಬಲ ಕಳೆದುಕೊಳ್ಳುತ್ತದೆ. ಬಿಸಿಲಿಗೂ ಉಪ್ಪು ನೀರಿಗೂ ಅದು ಬೇಗ ಜೀರ್ಣವಾಗುತ್ತದೆ.

ಗಟ್ಟಿ ರೆಕ್ಕೆಯ ಮುಂದಿನ ಅಂಚು ದಪ್ಪ ಮತ್ತು ಉರುಟು. ಹಿಂದಿನ ಅಂಚು ತೆಳು. ವಿಮಾನದ ಒಂದು ರೆಕ್ಕೆಯನ್ನು ಕಿತ್ತು ನೆಟ್ಟಗೆ ನಿಲ್ಲಿಸಿದಂತೆ ಅದರ ನೋಟ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಗಾಳಿಯಂತ್ರಗಳ ಅಲಗುಗಳನ್ನು ನೀವು ನೋಡಿದ್ದರೆ ಆ ಆಕಾರ ನಿಮಗೆ ಪರಿಚಿತವೇ. ಈ ಆಕಾರ ಕೆಡದಿರುವುದರಿಂದ ಗಾಳಿ ಅದನ್ನು ಬಿಡದೆ ಅಪ್ಪಿ ಹರಿಯುತ್ತದೆ. ಆದ್ದರಿಂದ ಅಷ್ಟೇ ಅಗಲದ ಬಟ್ಟೆಗಿಂತ ಹೆಚ್ಚು ಬಲ ಬರುತ್ತದೆ, ಹಿಂದಕ್ಕೆ ಜಗ್ಗುವ ತಡೆ ಕಡಿಮೆಯಾಗುತ್ತದೆ. ಹಗ್ಗ ಎಳೆಯುವ ಆಳುಗಳೂ ಬೇಡ. ಮೋಟಾರು ರೆಕ್ಕೆಯನ್ನು ಬೇಕಾದ ಕಡೆಗೆ ತಿರುಗಿಸುತ್ತದೆ.

ಇಲ್ಲಿ ಒಂದು ತೊಡಕು ಉಂಟು. ವಿಮಾನದ ರೆಕ್ಕೆಗೆ ಉಬ್ಬು ಯಾವಾಗಲೂ ಮೇಲಿರುತ್ತದೆ. ಹಡಗಿಗೆ ಗಾಳಿ ಇಂದು ಎಡದಿಂದ, ನಾಳೆ ಬಲದಿಂದ. ಒಂದೇ ಕಡೆ ಉಬ್ಬಿಟ್ಟರೆ ಇನ್ನೊಂದು ಕಡೆಯ ಗಾಳಿಗೆ ಅದು ಕೆಲಸಕ್ಕೆ ಬಾರದು. ಆದುದರಿಂದ ರೆಕ್ಕೆಯನ್ನು ಒಂದೇ ತುಂಡಾಗಿ ಮಾಡದೆ ಎರಡು ಮೂರು ನಿಡಿದಾದ ತುಂಡುಗಳಾಗಿ ಮಾಡಿ, ಬಾಗಿಲಿನ ಕದದಂತೆ ತಿರುಗುವ ಹಾಗೆ ಜೋಡಿಸುತ್ತಾರೆ. ಗಾಳಿ ಎಡಕ್ಕಿದ್ದರೆ ಕದವನ್ನು ಒಂದು ಕಡೆ, ಬಲಕ್ಕಿದ್ದರೆ ಇನ್ನೊಂದು ಕಡೆ ಮಡಿಸಿದರೆ ಉಬ್ಬು ಬೇಕಾದ ಮಗ್ಗುಲಿಗೆ ಬರುತ್ತದೆ. ತುಂಡುಗಳ ನಡುವಿನ ಸಂದಿಯಲ್ಲಿ ನುಸುಳುವ ಗಾಳಿ, ಹಿಂದಿನ ತುಂಡಿನ ಮೇಲೆ ಹರಿಯುವ ಗಾಳಿಗೆ ಚೈತನ್ಯ ಕೊಟ್ಟು ಅದು ಬೇಗನೆ ಕಳಚಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ವಿಹಾರ ನೌಕೆಯ ಅನುಭವ

ಹೊಸ ತಳಿಯನ್ನು ಮೊದಲು ಸಣ್ಣ ತಾಕಿನಲ್ಲಿ ಬೆಳೆದು ನೋಡುವಂತೆ, ಈ ರೆಕ್ಕೆಯ ಪರೀಕ್ಷೆಯೂ ಬಹುಪಾಲು ಸಣ್ಣ ನೌಕೆಗಳಲ್ಲೇ ನಡೆಯಿತು. ಅದರಲ್ಲೂ ಪಂದ್ಯದ ನೌಕೆಗಳಲ್ಲಿ. ಅಮೆರಿಕ ಕಪ್ ಎಂಬ ಹೆಸರಾಂತ ಪಂದ್ಯದಲ್ಲಿ ೧೯೮೮ರಲ್ಲಿ ಅಮೆರಿಕದವರು ಗಟ್ಟಿ ರೆಕ್ಕೆ ಕಟ್ಟಿದ ಜೋಡಿ ಒಡಲಿನ ನೌಕೆಯನ್ನು ಇಳಿಸಿ ಗೆದ್ದರು. ೨೦೧೦ರ ಫೆಬ್ರುವರಿಯಲ್ಲಿ ಸ್ಪೇನ್ ದೇಶದ ವೆಲೆನ್ಸಿಯಾದ ಬಳಿ ನಡೆದ ಪಂದ್ಯದಲ್ಲಿ ಗೆದ್ದ ನೌಕೆಯ ರೆಕ್ಕೆ ೬೮ ಮೀಟರ್ ಎತ್ತರವಿದ್ದಿತು. ಮೂರು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎಂದು ಊಹಿಸಿಕೊಳ್ಳಿ.

ಹಾಗಾದರೆ ಎಲ್ಲ ವಿಹಾರ ನೌಕೆಗಳಿಗೂ ಇದನ್ನೇ ಏಕೆ ಕಟ್ಟಲಿಲ್ಲ? ಉತ್ತರ ಸರಳ. ಬಟ್ಟೆಯ ಹಾಯಿಯನ್ನು ಮಡಿಸಿ ಚೀಲಕ್ಕೆ ಹಾಕಬಹುದು; ಗಟ್ಟಿ ರೆಕ್ಕೆಯನ್ನು ಎಲ್ಲಿಡುವುದು? ನೌಕೆಯನ್ನು ಕಟ್ಟಿ ಯಜಮಾನನು ಮನೆಗೆ ಹೋದ ಮೇಲೂ ಗಾಳಿ ಬೀಸುತ್ತಲೇ ಇರುತ್ತದೆ. ಪಂದ್ಯದ ತಂಡಗಳು ದಿನದ ಆಟ ಮುಗಿದ ಮೇಲೆ ಕ್ರೇನು ತರಿಸಿ ರೆಕ್ಕೆಯನ್ನು ಎತ್ತಿ ಇಳಿಸುತ್ತಿದ್ದವು. ಸಾಧಾರಣ ಮನುಷ್ಯನಿಗೆ ಅದು ಸಾಧ್ಯವೇ? ಇಂಗ್ಲೆಂಡಿನ ಜಾನ್ ವಾಕರ್ ಎಂಬ ಇಂಜಿನಿಯರರು ಇದಕ್ಕೊಂದು ಪರಿಹಾರ ಹುಡುಕಿದರು. ರೆಕ್ಕೆ ಗಾಳಿಕೋಳಿಯಂತೆ ತನ್ನ ಕಂಬದ ಸುತ್ತ ಸ್ವತಂತ್ರವಾಗಿ ತಿರುಗಲಿ. ಕೆಲಸವಿಲ್ಲದಾಗ ಗಾಳಿಗೆ ಮೂತಿಯಿಟ್ಟು ತಾನಾಗಿ ನಿಲ್ಲಲಿ ಎಂಬುದು ಅವರ ಆಲೋಚನೆ. ಹಾಗೆ ನಿಂತ ರೆಕ್ಕೆಗೆ ಗಾಳಿಯ ಹೊಡೆತ ತೀರಾ ಕಡಿಮೆ. ೧೯೯೦ರ ದಶಕದಲ್ಲಿ ಅವರ ಸಂಸ್ಥೆ ಇಂಥ ಮೂರು ಒಡಲಿನ ವಿಹಾರ ನೌಕೆಯನ್ನು ಕಟ್ಟಿತು. ಕುಳಿತಲ್ಲಿಂದಲೇ ಅದರ ರೆಕ್ಕೆಯನ್ನು ನಡೆಸಬಹುದಾಗಿತ್ತು. ಆದರೂ ಅದು ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. ಅಮೆರಿಕ ಕಪ್‌ನಲ್ಲಿ ಕೂಡ ೨೦೧೭ರ ಬಳಿಕ ಗಟ್ಟಿ ರೆಕ್ಕೆಯನ್ನು ಬಿಟ್ಟು, ೨೦೨೧ರಲ್ಲಿ ಎರಡು ಪದರದ ಬಟ್ಟೆ ಹಾಯಿಯನ್ನು ತಂದರು. ಅದಕ್ಕೆ ರೆಕ್ಕೆಯ ಆಕಾರವೂ ಉಂಟು, ಬಟ್ಟೆಯಂತೆ ಇಳಿಸುವ ಅನುಕೂಲವೂ ಉಂಟು.

ಸರಕು ಹಡಗಿಗೆ ರೆಕ್ಕೆ

ಸರಕು ಹಡಗಿನ ಕಥೆ ಬೇರೆ. ೧೯೭೩ರಲ್ಲಿಯೂ ೧೯೭೯ರಲ್ಲಿಯೂ ಎಣ್ಣೆಯ ಬೆಲೆ ಆಕಾಶಕ್ಕೇರಿದಾಗ ಜಪಾನಿನವರು ಮತ್ತೆ ಗಾಳಿಯನ್ನು ನೆನೆದರು. ೧೯೮೦ರಲ್ಲಿ ಶಿನ್ ಐತೋಕು ಮಾರು ಎಂಬ ಸಣ್ಣ ಎಣ್ಣೆ ಹಡಗಿಗೆ ಉಕ್ಕಿನ ಚೌಕಟ್ಟಿನಲ್ಲಿ ಬಿಗಿದ ಎರಡು ಹಾಯಿಗಳನ್ನು ಕಟ್ಟಿದರು. ಅವನ್ನು ತೆರೆಯುವುದು, ಮಡಿಸುವುದು, ತಿರುಗಿಸುವುದು ಎಲ್ಲವೂ ಯಂತ್ರದ ಕೆಲಸ. ೧೯೮೬ರಲ್ಲಿ ಇಂಗ್ಲೆಂಡಿನ ಆಷಿಂಗ್ಟನ್ ಎಂಬ ಸರಕು ಹಡಗಿಗೆ ವಾಕರ್ ಅವರ ರೆಕ್ಕೆಯನ್ನು ಪರೀಕ್ಷೆಗಾಗಿ ಜೋಡಿಸಲಾಯಿತು. ಆದರೆ ಅದೇ ವರ್ಷ ಎಣ್ಣೆಯ ಬೆಲೆ ಕುಸಿಯಿತು. ಎಣ್ಣೆ ಅಗ್ಗವಾದ ಮೇಲೆ ಉಳಿಸುವ ಮಾತನ್ನು ಕೇಳುವವರಾರು? ಮಳೆ ಬಂದೊಡನೆ ಕೆರೆಯ ಹೂಳೆತ್ತುವ ಮಾತು ಮರೆತುಹೋಗುವಂತೆ, ರೆಕ್ಕೆಯ ಮಾತೂ ಮರೆತುಹೋಯಿತು.

ಈಗ ಅದು ಮತ್ತೆ ಎದ್ದು ಬಂದಿದೆ. ಈ ಸಲ ಕಾರಣ ಬೆಲೆಯೊಂದೇ ಅಲ್ಲ. ಮನುಷ್ಯನಿಂದ ಆಕಾಶ ಸೇರುವ, ಭೂಮಿಯ ಬಿಸಿ ಏರಿಸುವ ಅನಿಲಗಳಲ್ಲಿ ನೂರಕ್ಕೆ ಸುಮಾರು ೩ ಪಾಲು ಹಡಗುಗಳದು. ಹಡಗು ಸಂಚಾರದ ನಿಯಮ ಮಾಡುವ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಘಟನೆಯು ೨೦೨೩ರ ಜುಲೈನಲ್ಲಿ, ಸುಮಾರು ೨೦೫೦ರ ಹೊತ್ತಿಗೆ ಈ ಅನಿಲಗಳ ನಿವ್ವಳ ಲೆಕ್ಕವನ್ನು ಸೊನ್ನೆಗೆ ಇಳಿಸುವ ಗುರಿಯನ್ನು ಒಪ್ಪಿತು.

೨೦೨೨ರ ಅಕ್ಟೋಬರಿನಲ್ಲಿ ಜಪಾನಿನ ಶೋಫು ಮಾರು ಎಂಬ ಕಲ್ಲಿದ್ದಲು ಹಡಗು ಒಂದು ಗಟ್ಟಿ ಹಾಯಿಯೊಡನೆ ಕಡಲಿಗಿಳಿಯಿತು. ಆ ಹಾಯಿ ಸೇರುಪಾವುಗಳನ್ನು ಒಂದರೊಳಗೊಂದು ಇಟ್ಟಂತೆ ತುಂಡುತುಂಡಾಗಿ ಒಳಗೆ ಸೇರಿಕೊಳ್ಳುತ್ತದೆ. ಪೂರ್ತಿ ಏರಿದಾಗ ೫೦ ಮೀಟರಿಗೂ ಹೆಚ್ಚು ಎತ್ತರ. ೨೦೨೩ರ ಆಗಸ್ಟಿನಲ್ಲಿ ಪಿಕ್ಸಿಸ್ ಓಷನ್ ಎಂಬ ಹಡಗು ಎರಡು ರೆಕ್ಕೆಗಳನ್ನು ಹೊತ್ತು ಚೀನಾದಿಂದ ಬ್ರೆಜಿಲ್ ದೇಶದ ಕಡೆಗೆ ಹೊರಟಿತು. ಸುಮಾರು ೮೦,೦೦೦ ಟನ್ ಸರಕು ಹೊರಬಲ್ಲ ಹಡಗು ಅದು. ಅದರ ಒಂದೊಂದು ರೆಕ್ಕೆಯ ಎತ್ತರ ೩೭.೫ ಮೀಟರ್. ಒಂದೊಂದರಲ್ಲೂ ಮೂರು ನಿಡಿದಾದ ತುಂಡುಗಳು. ಬಂದರಿನೊಳಗೆ ಹೋಗುವಾಗ ಅವನ್ನು ಹಡಗಿನ ಮೇಲಟ್ಟದ ಮೇಲೆ ಮಲಗಿಸಬಹುದು. ಗಮನಿಸಿ, ಇದು ಹೊಸ ಹಡಗಲ್ಲ; ಆಗಲೇ ಓಡಾಡುತ್ತಿದ್ದ ಹಡಗಿಗೆ ರೆಕ್ಕೆಯನ್ನು ಆಮೇಲೆ ಜೋಡಿಸಿದ್ದು. ಈ ಹಡಗುಗಳಲ್ಲಿ ಇಂಜಿನನ್ನು ತೆಗೆದಿಲ್ಲ. ಗಾಳಿ ಇದ್ದಾಗ ರೆಕ್ಕೆ ಹೆಗಲು ಕೊಡುತ್ತದೆ, ಇಂಜಿನು ಅಷ್ಟು ಕಡಿಮೆ ದುಡಿಯುತ್ತದೆ. ಏರಿನಲ್ಲಿ ಗಾಡಿಯ ಹಿಂದೆ ನಾಲ್ಕು ಜನ ಕೈಯಿಟ್ಟು ನೂಕಿದರೆ ಎತ್ತಿಗೆ ಹಗುರಾಗುವಂತೆ.

ಲಾಭದ ಲೆಕ್ಕ

ಪಿಕ್ಸಿಸ್ ಓಷನ್ ಹಡಗಿನ ಆರು ತಿಂಗಳ ಪರೀಕ್ಷೆಯ ಫಲವನ್ನು, ಅದನ್ನು ಬಾಡಿಗೆಗೆ ಪಡೆದಿದ್ದ ಕಾರ್ಗಿಲ್ ಕಂಪನಿಯು ೨೦೨೪ರ ಮಾರ್ಚಿಯಲ್ಲಿ ಪ್ರಕಟಿಸಿತು. ಅನುಕೂಲವಾದ ಗಾಳಿ ಸಿಕ್ಕ ದಿನ ಉಳಿದ ಎಣ್ಣೆ ೧೧ ಟನ್. ಸರಾಸರಿ ತೆಗೆದರೆ ದಿನಕ್ಕೆ ೩ ಟನ್.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ರೈತರಾದ ನೀವು ಬೇಗ ಅರ್ಥ ಮಾಡಿಕೊಳ್ಳುವಿರಿ. ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಬಂದ ಇಳುವರಿಯೇ ಊರಿನ ಎಲ್ಲ ಹೊಲಕ್ಕೂ ಬರುವುದೆಂದು ನಂಬಿ ಸಾಲ ಮಾಡಿದವನು ಏನಾಗುತ್ತಾನೆ? ಹನ್ನೊಂದು ಟನ್ ಉಳಿಯಿತೆಂಬ ಮಾತು ಸುಳ್ಳಲ್ಲ. ಆದರೆ ಸಂಸಾರ ನಡೆಸುವುದು ಮೂರು ಟನ್ನಿನ ಲೆಕ್ಕದಲ್ಲಿ. ವರ್ಷದಲ್ಲಿ ಹಡಗು ೨೦೦ ದಿನ ಕಡಲಿನಲ್ಲಿ ಓಡಿತೆಂದು ಇಟ್ಟುಕೊಳ್ಳೋಣ. ದಿನಕ್ಕೆ ೩ ಟನ್ನಿನಂತೆ ೬೦೦ ಟನ್ ಎಣ್ಣೆ ಉಳಿಯಿತು. ೧೮೦೦ ಟನ್ನಿಗಿಂತ ಹೆಚ್ಚು ಇಂಗಾಲದ ಅನಿಲ ಆಕಾಶ ಸೇರುವುದು ತಪ್ಪಿತು. ಇದು ಒಂದು ಹಡಗಿನ ಮಾತು. ಜಗತ್ತಿನಲ್ಲಿ ಸರಕು ಹಡಗುಗಳು ಸಾವಿರಾರು.

ಅಂತರ ಇಷ್ಟೊಂದು ಏಕೆ? ಮೊದಲನೆಯದಾಗಿ, ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುತ್ತದೆ. ಗಂಟೆಗೆ ೨೦ ಕಿಲೋಮೀಟರಿನ ಗಾಳಿಗಿಂತ ೪೦ ಕಿಲೋಮೀಟರಿನ ಗಾಳಿ ನಾಲ್ಕು ಪಟ್ಟು ಬಲಶಾಲಿ. ಆದ್ದರಿಂದ ಒಳ್ಳೆಯ ದಿನವು ಸಾಧಾರಣ ದಿನಕ್ಕಿಂತ ಬಹಳ ಒಳ್ಳೆಯದಾಗಿರುತ್ತದೆ. ಎರಡನೆಯದಾಗಿ, ಗಾಳಿಯಿಲ್ಲದ ದಿನವೂ ಸೈಕಲ್ಲು ತುಳಿಯುವವನ ಮುಖಕ್ಕೆ ಗಾಳಿ ಹೊಡೆಯುವಂತೆ, ಓಡುವ ಹಡಗು ತನ್ನ ಓಟದಿಂದಲೇ ಎದುರುಗಾಳಿಯನ್ನು ತಂದುಕೊಳ್ಳುತ್ತದೆ. ನೇರ ಎದುರಿನ ಗಾಳಿ ರೆಕ್ಕೆಗೆ ಪ್ರಯೋಜನವಿಲ್ಲ. ಪಕ್ಕದ ಗಾಳಿಯೇ ಅದಕ್ಕೆ ಹಬ್ಬ. ಮೂರನೆಯದಾಗಿ, ಎಲ್ಲ ಕಡಲಿನಲ್ಲೂ ಗಾಳಿ ಒಂದೇ ಸಮನಲ್ಲ. ಶೋಫು ಮಾರು ಕಟ್ಟಿದವರೇ ಜಪಾನ್ ಮತ್ತು ಆಸ್ಟ್ರೇಲಿಯಾ ನಡುವೆ ನೂರಕ್ಕೆ ೫, ಜಪಾನ್ ಮತ್ತು ಅಮೆರಿಕದ ಪಶ್ಚಿಮ ತೀರದ ನಡುವೆ ನೂರಕ್ಕೆ ೮ ರಷ್ಟು ಉಳಿತಾಯವಾದೀತೆಂದು ಬೇರೆ ಬೇರೆ ಅಂದಾಜು ಹೇಳಿದ್ದರು. ಒಂದೇ ಹಾಯಿ, ದಾರಿ ಬೇರೆಯಾದರೆ ಫಲವೂ ಬೇರೆ.

ತೊಡಕುಗಳು

ಯಾವ ಹೊಸ ಸಾಧನವನ್ನಾದರೂ ಕೊಳ್ಳುವ ಮುನ್ನ ಅದರ ಕುಂದುಗಳನ್ನೂ ಕೇಳಬೇಕು. ರೆಕ್ಕೆಯ ಕುಂದುಗಳು ಇವು.

೧. ಅದರ ಬೆಲೆ ಹೆಚ್ಚು. ಎಣ್ಣೆ ಅಗ್ಗವಾದರೆ ಹಾಕಿದ ಹಣ ಹಿಂದಿರುಗಲು ಬಹಳ ವರ್ಷ ಬೇಕು. ೧೯೮೬ರಲ್ಲಿ ಆದದ್ದು ಇದೇ.

೨. ಅದಕ್ಕೆ ಮೇಲಟ್ಟದ ಮೇಲೆ ಜಾಗ ಬೇಕು. ಅದಿರು, ಕಲ್ಲಿದ್ದಲು, ಧಾನ್ಯ, ಎಣ್ಣೆ ಸಾಗಿಸುವ ಹಡಗುಗಳಲ್ಲಿ ಜಾಗವುಂಟು. ಪೆಟ್ಟಿಗೆಗಳನ್ನು ಮೇಲೆ ಮೇಲೆ ಪೇರಿಸುವ ಕಂಟೇನರ್ ಹಡಗಿನಲ್ಲಿ ಜಾಗ ಹುಡುಕುವುದು ಕಷ್ಟ.

೩. ಸರಕು ತುಂಬುವ, ಇಳಿಸುವ ಕ್ರೇನುಗಳಿಗೆ ರೆಕ್ಕೆ ಅಡ್ಡ ಬರಬಾರದು. ಸೇತುವೆಗಳ ಕೆಳಗೆ ಹಡಗು ನುಸುಳಬೇಕು. ಆದ್ದರಿಂದ ರೆಕ್ಕೆ ಮಡಿಸುವಂತೆಯೋ ಮಲಗಿಸುವಂತೆಯೋ ಇರಬೇಕು. ಮಡಿಸುವ ಕೀಲು ಹೆಚ್ಚಿದಷ್ಟೂ ರಿಪೇರಿಯೂ ಹೆಚ್ಚು.

೪. ಚುಕ್ಕಾಣಿ ಹಿಡಿದವನ ಕಣ್ಣಿಗೆ ಅದು ಮರೆಯಾಗಬಾರದು. ಬಿರುಗಾಳಿಯಲ್ಲಿ ಹಡಗು ವಾಲದಂತೆ, ರೆಕ್ಕೆಯನ್ನು ಸಕಾಲದಲ್ಲಿ ಗಾಳಿಗೆ ಮೂತಿ ಮಾಡಿ ನಿಲ್ಲಿಸಲು ಬರಬೇಕು.

೫. ನಾವಿಕರು ಅದನ್ನು ನಡೆಸುವ ವಿದ್ಯೆ ಕಲಿಯಬೇಕು. ಅತಿ ಹತ್ತಿರದ ದಾರಿಯೇ ಅತಿ ಒಳ್ಳೆಯ ದಾರಿ ಎಂಬ ರೂಢಿಯನ್ನು ಬಿಟ್ಟು, ಸ್ವಲ್ಪ ಬಳಸಾದರೂ ಗಾಳಿ ಚೆನ್ನಾಗಿರುವ ದಾರಿಯನ್ನು ಹವಾಮಾನದ ವರದಿ ನೋಡಿ ಆರಿಸುವ ಅಭ್ಯಾಸ ಆಗಬೇಕು.

ನಮಗೆ ಇದರಿಂದ ಏನು?

ಒಂದು ಹಡಗಿಗೆ ರೆಕ್ಕೆ ಕಟ್ಟಿದೊಡನೆ ನಾಳೆಯೇ ನಿಮ್ಮ ಗೊಬ್ಬರದ ಚೀಲ ಅಗ್ಗವಾಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮೂರು ವಿಷಯಗಳು ನಮಗೆ ಸಂಬಂಧಿಸಿದವು. ಹಡಗಿನ ಎಣ್ಣೆಯ ಖರ್ಚು ನಮ್ಮ ಗೊಬ್ಬರ, ಅಡುಗೆ ಎಣ್ಣೆ, ಕಲ್ಲಿದ್ದಲುಗಳ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಭೂಮಿಯ ಬಿಸಿ ಏರಿದಷ್ಟೂ ಮಳೆಯ ನಡೆ ಕೆಡುತ್ತದೆ. ಮಳೆಯನ್ನೇ ನಂಬಿದ ಒಣಬೇಸಾಯದವರಿಗೆ ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಇನ್ನು, ನಮ್ಮ ಕರಾವಳಿಯ ತರುಣರು ಹಡಗಿನ ಕೆಲಸಕ್ಕೆ ಹೋಗುವುದುಂಟು. ಮುಂದೆ ಹೋಗುವವರು ಇಂಜಿನಿನ ವಿದ್ಯೆಯ ಜೊತೆಗೆ ಗಾಳಿಯ ವಿದ್ಯೆಯನ್ನೂ ಅರಿತಿದ್ದರೆ ಅವರಿಗೆ ಮೇಲು. ಅವರ ಅಜ್ಜಂದಿರು ಮಂಜಿಗಳಲ್ಲಿ ಅರಿತಿದ್ದ ವಿದ್ಯೆಯೇ ಅದು. ಉಪಕರಣ ಮಾತ್ರ ಬೇರೆ.

ಗಾಳಿಗೆ ಬೆಲೆಯಿಲ್ಲ, ಅದನ್ನು ಹಿಡಿಯುವ ಸಾಧನಕ್ಕೆ ಬೆಲೆಯುಂಟು. ಆ ಬೆಲೆ ಕೊಡುವ ಮುನ್ನ ಒಳ್ಳೆಯ ದಿನದ ಅಂಕಿಯನ್ನು ಬದಿಗಿಟ್ಟು ವರ್ಷದ ಸರಾಸರಿಯನ್ನು ಕೇಳಬೇಕು. ಈ ಮಾತು ಹಡಗಿನ ಒಡೆಯನಿಗೆ ಹೇಗೋ, ಹೊಸ ಪಂಪು ಅಥವಾ ಹೊಸ ಬೀಜ ಕೊಳ್ಳಲು ಹೊರಟ ನಿಮಗೂ ಹಾಗೆಯೇ.

ಚಮಚದ ಪ್ರಯೋಗವನ್ನು ಇಂದು ಸಂಜೆಯೇ ನಿಮ್ಮ ಮಕ್ಕಳಿಗೆ ಮಾಡಿ ತೋರಿಸಿ. ಚಮಚ ಯಾವ ಕಡೆಗೆ ಹೋಗುವುದೆಂದು ಮೊದಲು ಅವರನ್ನೇ ಕೇಳಿ, ಆಮೇಲೆ ನೀರಿಗೆ ತಾಗಿಸಿ.